ವಾಹನದ ಎಂಜಿನ್ ಆಯಿಲ್ ಸೋರಿಕೆ: ಮೂಲ ಪತ್ತೆ ಮತ್ತು ದುರಸ್ತಿ

ಅಂಗಡಿ, ಗೋದಾಮು ಅಥವಾ ಕಾರ್ಖಾನೆಯ ಮುಂದೆ ರಾತ್ರಿ ನಿಲ್ಲಿಸಿದ ಕಾರನ್ನೋ ವ್ಯಾನನ್ನೋ ಬೆಳಿಗ್ಗೆ ತೆಗೆದಾಗ ನೆಲದ ಮೇಲೆ ಕಪ್ಪು ಕಲೆಯೊಂದು ಉಳಿದಿರುವುದು ನಮ್ಮ ಸದಸ್ಯರಲ್ಲಿ ಅನೇಕರಿಗೆ ಪರಿಚಿತವಾದ ದೃಶ್ಯ. ತೀರಿಸಬೇಕಾದ ಬಿಲ್ಲು, ಬರಬೇಕಾದ ಬಾಕಿ, ತಲುಪಿಸಬೇಕಾದ ಮಾಲು ಇವುಗಳ ನಡುವೆ ಆ ಕಲೆಯತ್ತ ಗಮನ ಹರಿಸಲು ಪುರುಸೊತ್ತು ದೊರೆಯುವುದಿಲ್ಲ. ಅರ್ಧ ಲೀಟರ್ ಆಯಿಲ್ ತುಂಬಿಸಿ ವಾಹನವನ್ನು ಓಡಿಸುತ್ತಲೇ ಇರುತ್ತೇವೆ.

ಬಹುತೇಕ ಸಣ್ಣ ವಾಹನಗಳ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಇರುವ ಅಂತರ ಸುಮಾರು 1 ಲೀಟರ್ ಮಾತ್ರ. ಅದಕ್ಕಿಂತ ಕೆಳಗಿಳಿದರೆ, ತಿರುವಿನಲ್ಲಿ ಅಥವಾ ಘಟ್ಟದ ಏರಿನಲ್ಲಿ ಪಂಪು ಆಯಿಲಿನ ಬದಲು ಗಾಳಿಯನ್ನು ಎಳೆಯುವ ಸಂಭವವಿದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಲ್ಲವೆಂದು ನಿಶ್ಚಿಂತರಾಗಿರುವುದು ತಪ್ಪು. ಆ ದೀಪವು ಆಯಿಲಿನ ಪ್ರಮಾಣವನ್ನು ತೋರಿಸುವುದಿಲ್ಲ. ಒತ್ತಡ ಕುಸಿದಾಗ ಮಾತ್ರ ಹೊತ್ತುತ್ತದೆ. ಅಷ್ಟರಲ್ಲಿ ಕ್ರ್ಯಾಂಕಿನ ಬೇರಿಂಗುಗಳು ಒಣಗಿ ತೇಯಲಾರಂಭಿಸಿರುತ್ತವೆ. ಹಾಗೆ ಹಿಡಿದುಕೊಂಡ ಎಂಜಿನ್ನನ್ನು ಬಿಚ್ಚಿ ಕಟ್ಟಿಸುವ ಖರ್ಚು, ವಾಹನ ನಿಂತ ದಿನಗಳ ಬಾಡಿಗೆ, ತಪ್ಪಿದ ಗಿರಾಕಿ ಇವೆಲ್ಲವೂ ಆ ಕಪ್ಪು ಕಲೆಯ ಲೆಕ್ಕಕ್ಕೇ ಸೇರುತ್ತವೆ.

ಮೊದಲು ಸೋರುತ್ತಿರುವುದು ಎಂಜಿನ್ ಆಯಿಲೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ರಾತ್ರಿ ವಾಹನದ ಅಡಿಯಲ್ಲಿ ದೊಡ್ಡ ರಟ್ಟಿನ ಹಾಳೆಯೊಂದನ್ನು ಹಾಸಿ, ಮುಂದಿನ ಚಕ್ರಗಳ ಸ್ಥಾನವನ್ನು ಪೆನ್ನಿನಿಂದ ಗುರುತಿಸಿಡಿ. ಎ.ಸಿ.ಯಿಂದ ಇಳಿಯುವುದು ಬರಿ ನೀರು. ಹಸಿರು ಅಥವಾ ಕೆಂಪು ಬಣ್ಣದ ನೀರಿನಂತಹ ದ್ರವವಾದರೆ ಅದು ರೇಡಿಯೇಟರಿನದು. ಗಿಯರ್ ಆಯಿಲಿಗೆ ಗಂಧಕದಂತಹ ಘಾಟು ವಾಸನೆ ಇರುತ್ತದೆ. ಚಕ್ರದ ಬಳಿ ತೆಳುವಾದ, ತಿಳಿ ಬಣ್ಣದ ದ್ರವ ಕಂಡರೆ ಅದು ಬ್ರೇಕಿನದಾಗಿರಬಹುದು; ಅಂತಹ ವಾಹನವನ್ನು ಓಡಿಸಲೇಕೂಡದು. ಕಂದು ಅಥವಾ ಕಪ್ಪು ಬಣ್ಣದ್ದಾಗಿ ಬೆರಳಿಗೆ ಜಾರುವಂತಿದ್ದರೆ ಅದು ಎಂಜಿನ್ ಆಯಿಲ್.

ಇಲ್ಲಿಂದ ಮುಂದೆಯೇ ಹೆಚ್ಚಿನವರು ಎಡವುವುದು. ಹನಿ ಬಿದ್ದ ಜಾಗದ ನೇರ ಮೇಲೆ ಸೋರಿಕೆ ಇದೆಯೆಂದು ಭಾವಿಸುತ್ತೇವೆ. ಆದರೆ ಆಯಿಲ್ ಎಂಜಿನ್ನಿನ ಮೈಮೇಲೆ ಹರಿದು, ಓಟದ ಗಾಳಿಗೆ ಹಿಂದಕ್ಕೆ ತಳ್ಳಲ್ಪಟ್ಟು, ಅತ್ಯಂತ ಕೆಳಗಿನ ಅಂಚಿನಲ್ಲಿ ಹನಿಯಾಗಿ ತೊಟ್ಟಿಕ್ಕುತ್ತದೆ. ಈ ಪಾಠವನ್ನು ನಾನು ಹಣ ತೆತ್ತು ಕಲಿತೆ. ಹುಬ್ಬಳ್ಳಿಯಿಂದ ಗದಗಿಗೆ ಮಾಲು ಒಯ್ಯುತ್ತಿದ್ದ ನಮ್ಮ ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ಎಂಜಿನ್ ಮತ್ತು ಗಿಯರ್ ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ಇಳಿಯುತ್ತಿತ್ತು. ಗ್ಯಾರೇಜಿನವರು ಒಮ್ಮೆ ಬಗ್ಗಿ ನೋಡಿ, ಕ್ರ್ಯಾಂಕಿನ ಹಿಂಬದಿಯ ಸೀಲು ಹೋಗಿದೆ ಎಂದರು. ಗಿಯರ್ ಬಾಕ್ಸ್ ಇಳಿಸಿ ಸೀಲು ಬದಲಾಯಿಸಲು ಎರಡು ದಿನ ಹಿಡಿಯಿತು. ಮಾಲಿಗೆ ಬಾಡಿಗೆ ಗಾಡಿ ಹಿಡಿಯಬೇಕಾಯಿತು. ಮೂರನೆಯ ದಿನ ಅದೇ ಜಾಗದಲ್ಲಿ ಅದೇ ಹನಿ! ಕೊನೆಗೆ ಸೀಟು ಎತ್ತಿ, ಎಂಜಿನ್ನನ್ನು ಒರೆಸಿ, ಟಾರ್ಚ್ ಹಿಡಿದು ನೋಡಿದಾಗ ಸಿಲಿಂಡರ್ ಹೆಡ್ಡಿನ ಹಿಂತುದಿಯಲ್ಲಿದ್ದ ಡಿಸ್ಟ್ರಿಬ್ಯೂಟರಿನ ಬುಡ ಒದ್ದೆಯಾಗಿತ್ತು. ಅಲ್ಲಿಯ ರಬ್ಬರ್ ಓ-ರಿಂಗ್ ಒಣಗಿ ಗಟ್ಟಿಯಾಗಿತ್ತು. ಕೆಲವೇ ರೂಪಾಯಿಗಳ ಆ ಉಂಗುರದ ದೆಸೆಯಿಂದ ಗಿಯರ್ ಬಾಕ್ಸ್ ಕೆಳಗಿಳಿದಿತ್ತು. ಗ್ಯಾರೇಜಿನವರನ್ನು ಮಾತ್ರ ದೂರುವಂತಿಲ್ಲ; ಬೇಗ ಮುಗಿಸಿಕೊಡಿ ಎಂದು ಅವಸರಪಡಿಸಿದವನು ನಾನೇ.

ಆದ್ದರಿಂದ ಪತ್ತೆಯ ಮೊದಲ ಹೆಜ್ಜೆ ಸ್ಪ್ಯಾನರ್ ಅಲ್ಲ, ಬ್ರಷ್ ಮತ್ತು ಬಟ್ಟೆ. ಎಂಜಿನ್ ಪೂರ್ಣ ತಣ್ಣಗಾದ ಮೇಲೆ ಡಿಗ್ರೀಸರ್ ಹಚ್ಚಿ ಉಜ್ಜಿ ಒರೆಸಿರಿ. ಪೆಟ್ರೋಲ್ ಬಳಸಲೇಬೇಡಿ, ಅದರ ಆವಿಗೆ ಒಂದು ಕಿಡಿ ಸಾಕು. ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಮತ್ತು ವೈರಿನ ಸಾಕೆಟ್ಟುಗಳ ಮೇಲೆ ನೀರಿನ ಪಿಚಕಾರಿ ಹೊಡೆಯಬಾರದು. ಚೆನ್ನಾಗಿ ಒಣಗಿದ ಮೇಲೆ ಸಂದೇಹವಿರುವ ಸಂದುಗಳಿಗೆ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, 15ರಿಂದ 20 ನಿಮಿಷ ವಾಹನವನ್ನು ಓಡಿಸಿ ಬನ್ನಿರಿ. ಎಂಜಿನ್ ನಿಲ್ಲಿಸಿ ಟಾರ್ಚ್ ಬೆಳಕಿನಲ್ಲಿ ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ, ಬಿಳಿಯ ಪೌಡರಿನಲ್ಲಿ ಕಪ್ಪು ಗೆರೆ ಎದ್ದು ಕಾಣುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದೇ ಮೂಲ. ಹಲವು ಬಾರಿ ಅದು ಟ್ಯಾಪೆಟ್ ಕವರಿನ ಪ್ಯಾಕಿಂಗ್ ಆಗಿರುತ್ತದೆ. ಮೊದಲ ಸಲ ಏನೂ ಕಾಣದಿದ್ದರೆ ಇನ್ನೆರಡು ದಿನ ಓಡಿಸಿ ನೋಡಬೇಕೇ ಹೊರತು ಊಹೆಯ ಮೇಲೆ ಬಿಡಿಭಾಗ ತರಿಸಬಾರದು.

ವಾಹನದ ಅಡಿಗೆ ಹೋಗುವುದಾದರೆ ಸಮತಟ್ಟಾದ ನೆಲ, ಚಕ್ರಕ್ಕೆ ಅಡ್ಡ ತುಂಡು ಹಾಗೂ ಕಬ್ಬಿಣದ ಸ್ಟ್ಯಾಂಡ್ ಈ ಮೂರೂ ಇರಲೇಬೇಕು. ಬರಿ ಜಾಕಿನ ಮೇಲಾಗಲಿ, ಇಟ್ಟಿಗೆಗಳ ಮೇಲಾಗಲಿ ನಿಂತ ವಾಹನದಡಿ ತಲೆ ತೂರಿಸತಕ್ಕದ್ದಲ್ಲ. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ.

ಪ್ಯಾಕಿಂಗ್ ಬದಲಾಯಿಸುವ ಮೊದಲು ನೋಡಬೇಕಾದ, ಆದರೆ ಬಹುಮಂದಿ ನೋಡದ ಒಂದು ಸಂಗತಿಯಿದೆ: ಬ್ರೀದರ್. ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್ ಕೇಸಿಗೆ ಇಳಿಯುವುದು ಸಹಜ. ಅದನ್ನು ಬ್ರೀದರಿನ ಹೋಸು ಮತ್ತು ಪಿಸಿವಿ ವಾಲ್ವು ಹೊರಗೆಳೆದು ಮತ್ತೆ ಎಂಜಿನ್ನಿಗೇ ಉಣಿಸುತ್ತವೆ. ಹಳೆಯ ಜಿಡ್ಡಿನಿಂದ ಈ ಮಾರ್ಗ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಸರಿಯಿರುವ ಸೀಲುಗಳ ಸಂದಿನಿಂದಲೂ ಆಯಿಲನ್ನು ಹೊರಗೆ ತಳ್ಳುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುವ ವಾಹನಗಳಲ್ಲಿ ಬಹಳಷ್ಟು ಸಲ ಕಾರಣ ಇದೇ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ, ಅದರ ಬಾಯಿಯ ಮೇಲೆ ಸುಮ್ಮನೆ ಇಟ್ಟು ನೋಡಿರಿ. ಮುಚ್ಚಳ ಕುಣಿದು ಹೊಗೆ ಬುಸುಗುಟ್ಟಿದರೆ ಮೊದಲು ಬ್ರೀದರನ್ನು ಬಿಚ್ಚಿ ತೊಳೆಯಬೇಕು. ಹೋಸು ಬಿರಿದಿದ್ದರೆ ಅಥವಾ ವಾಲ್ವು ಅಂಟಿಕೊಂಡಿದ್ದರೆ ಬದಲಾಯಿಸಬೇಕು. ತೊಳೆದ ಮೇಲೂ ಬುಸುಗುಟ್ಟುವಿಕೆ ತಗ್ಗದಿದ್ದರೆ ರಿಂಗುಗಳು ತೇಯ್ದಿರಬಹುದು. ಆಗ ವಿಷಯವೇ ಬೇರೆ. ಆಯಿಲನ್ನು ಗುರುತಿಗಿಂತ ಮೇಲೆ ತುಂಬಿಸುವುದೂ ಸೋರಿಕೆಗೆ ದಾರಿಯೇ.

ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳಲ್ಲಿ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಮುಖ್ಯವಾದದ್ದು. ಕವರ್ ತೆಗೆದ ಮೇಲೆ ಹಳೆಯ ರಬ್ಬರನ್ನು ಪೂರ್ತಿ ಕಿತ್ತು, ಎರಡೂ ಮುಖಗಳನ್ನು ಒರೆಸಿ ಒಣಗಿಸಬೇಕು. ಅಲ್ಯೂಮಿನಿಯಂ ಮುಖವನ್ನು ಬ್ಲೇಡಿನಿಂದ ಕೆರೆಯಬಾರದು; ಒಂದು ಗೀರು ಬಿದ್ದರೆ ಹೊಸ ಪ್ಯಾಕಿಂಗೂ ಸೋರುತ್ತದೆ. ಕೂರಿಸಿದ ಮೇಲೆ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಅನೇಕ ಸಣ್ಣ ಎಂಜಿನ್ನುಗಳಲ್ಲಿ ಇವುಗಳಿಗೆ ಬೇಕಾದ ಬಿಗಿ 5ರಿಂದ 10 ನ್ಯೂಟನ್ ಮೀಟರಿನಷ್ಟೇ. ಎಂದರೆ ಚಿಕ್ಕ ಸ್ಪ್ಯಾನರನ್ನು ಬೆರಳುಗಳಿಂದ ತಿರುಗಿಸುವಷ್ಟು. ಬಲ ಹೆಚ್ಚಾದರೆ ಕವರ್ ಸೊಟ್ಟಗಾಗುತ್ತದೆ. ಸಿಲಿಕೋನ್ ಪೇಸ್ಟನ್ನು ತಯಾರಕರು ಸೂಚಿಸಿದ ಮೂಲೆಗಳಿಗೆ ಮಾತ್ರ ಹಚ್ಚಿರಿ. ಧಾರಾಳವಾಗಿ ಮೆತ್ತಿದರೆ ಒಳಕ್ಕೆ ಕಳಚಿದ ತುಣುಕು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚೀತು.

ಡ್ರೈನ್ ಪ್ಲಗ್ಗಿನ ವಾಷರನ್ನು ಪ್ರತಿ ಆಯಿಲ್ ಬದಲಾವಣೆಗೂ ಹೊಸದಾಗಿ ಹಾಕುವುದು ಒಳಿತು. ಫಿಲ್ಟರ್ ಬದಲಾಯಿಸಿದ ಮರುದಿನವೇ ಸೋರಿಕೆ ಕಂಡರೆ, ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ಎಂದು ನೋಡಬೇಕು. ಇದು ಒಮ್ಮೆಗೇ ಲೀಟರುಗಟ್ಟಲೆ ಚೆಲ್ಲಿಬಿಡುವ ದೋಷ. ಡಿಸ್ಟ್ರಿಬ್ಯೂಟರಿನ ಓ-ರಿಂಗ್ ಬದಲಾಯಿಸುವವರು ಬಿಚ್ಚುವ ಮುನ್ನ ಅದರ ಮೈಮೇಲೂ ರೋಟರಿನ ದಿಕ್ಕಿಗೂ ಗುರುತು ಹಾಕಿಕೊಳ್ಳದಿದ್ದರೆ ಟೈಮಿಂಗ್ ತಪ್ಪುತ್ತದೆ.

ಕ್ರ್ಯಾಂಕ್ ಮತ್ತು ಕ್ಯಾಮಿನ ಸೀಲುಗಳು, ಟೈಮಿಂಗ್ ಬೆಲ್ಟಿನ ಕಡೆಯ ಸೋರಿಕೆ, ಟರ್ಬೋ ಇವು ಅನುಭವಿ ಮೆಕ್ಯಾನಿಕ್ಕಿನ ಕೆಲಸ. ಆದರೆ ಅವನ ಬಳಿಗೆ ಹೋಗುವಾಗ ಪೌಡರಿನ ಪರೀಕ್ಷೆಯಲ್ಲಿ ಕಂಡ ಜಾಗದ ಫೋಟೋ ಒಯ್ದರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ. ಸೈಲೆನ್ಸರಿನ ಬಿಸಿ ಕೊಳವೆಯ ಮೇಲೆ ಆಯಿಲ್ ಬಿದ್ದು ಹೊಗೆ ಬರುತ್ತಿದ್ದರೆ ಬೆಂಕಿಯ ಭಯವಿರುವುದರಿಂದ ವಾಹನವನ್ನು ಕೂಡಲೇ ನಿಲ್ಲಿಸಬೇಕು. ಸೋರಿಕೆ ನಿಲ್ಲಿಸುವುದೆಂದು ಮಾರಲಾಗುವ ಔಷಧಗಳು ಗಟ್ಟಿಯಾದ ರಬ್ಬರನ್ನು ಕೊಂಚ ಮೆದುಗೊಳಿಸಬಹುದು. ಹರಿದ ಪ್ಯಾಕಿಂಗಿಗೆ ಅವುಗಳಿಂದ ಪ್ರಯೋಜನವಿಲ್ಲ.

ವಿಮೆಯ ವಿಷಯವನ್ನೂ ಇಲ್ಲಿಯೇ ಹೇಳುವುದು ಯುಕ್ತ. ರಸ್ತೆಯ ಉಬ್ಬಿಗೆ ತಗುಲಿ ಚೇಂಬರ್ ಒಡೆದಾಗ, ಆಯಿಲ್ ಸುರಿಯುತ್ತಿರುವ ವಾಹನವನ್ನು ಹಾಗೆಯೇ ಓಡಿಸಿ ಎಂಜಿನ್ ಹಿಡಿದರೆ, ಸಾಮಾನ್ಯ ಮೋಟಾರು ಪಾಲಿಸಿಯು ಆ ಅನಂತರದ ಹಾನಿಯನ್ನು ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಪ್ರತ್ಯೇಕ ಆಡ್-ಆನ್ ಪಡೆದವರು ಕೂಡ ಅದರ ಷರತ್ತುಗಳನ್ನು ಓದಿಕೊಂಡಿರಬೇಕು. ಅಂತಹ ಸಂದರ್ಭದಲ್ಲಿ ವಾಹನವನ್ನು ಅಲ್ಲಿಯೇ ನಿಲ್ಲಿಸಿ, ಟೋ ಮಾಡಿಸಿ, ವಿಮಾ ಕಂಪನಿಗೆ ತಿಳಿಸುವಂತೆ ಚಾಲಕನಿಗೆ ಮೊದಲೇ ಹೇಳಿಟ್ಟಿರತಕ್ಕದ್ದು.

ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಚರಂಡಿಗೆ ಸುರಿಯುವುದಾಗಲಿ ಸೌದೆಯ ಜೊತೆ ಉರಿಸುವುದಾಗಲಿ ಕೂಡದು. ಕ್ಯಾನಿನಲ್ಲಿ ಶೇಖರಿಸಿ, ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಕಳುಹಿಸುವ ಗ್ಯಾರೇಜಿಗೆ ಕೊಡಬೇಕು. ದುರಸ್ತಿಯಾದ ವಾಹನದಡಿ ಒಂದು ವಾರ ಮತ್ತೆ ರಟ್ಟು ಹಾಸಿ, ಡಿಪ್‌ಸ್ಟಿಕ್ಕಿನ ಮಟ್ಟವನ್ನು ಪ್ರತಿ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ನೋಡಿ, ಕಿಲೋಮೀಟರ್ ಸಹಿತ ಲಾಗ್ ಪುಸ್ತಕದಲ್ಲಿ ಬರೆಯುವಂತೆ ಚಾಲಕನಿಗೆ ತಿಳಿಸಿರಿ.