ಎರೆಭೂಮಿಯಲ್ಲಿ ಎಳೆಯ ಹಣ್ಣಿನ ಗಿಡಗಳು ಬಾಡುವುದು: ನೀರಿನ ಕೊರತೆಯೋ, ಹೆಚ್ಚಳವೋ?

ಬೀದರ ಪಟ್ಟಣದ ಸುತ್ತಲಿನ ಎತ್ತರದ ನೆಲವು ಜಂಬಿಟ್ಟಿಗೆಯ ಕೆಂಪು ಮಣ್ಣಿನದು. ಅಲ್ಲಿ ಸುರಿದ ನೀರು ಬೇಗನೆ ಕೆಳಗಿಳಿಯುವುದು. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯ ಕಡೆಯ ಎರೆಯ ಸ್ವಭಾವವೇ ಬೇರೆ. ಅಲ್ಲಿ ರೂಢಿಯಾದ ನೀರಿನ ಲೆಕ್ಕವನ್ನು ಇಲ್ಲಿ ಅನುಸರಿಸುವುದು ಯುಕ್ತವಲ್ಲ. ಮಾವು, ಮೋಸಂಬಿ, ಪೇರಲ ಮುಂತಾದ ಗಿಡಗಳನ್ನು ಎರೆಯಲ್ಲಿ ನೆಟ್ಟ ಒಕ್ಕಲಿಗರು, ಎಲೆ ಜೋತ ಕೂಡಲೆ ಕೊಡ ಹಿಡಿದು ಹೊರಡುವುದುಂಟು. ಆದರೆ ನೀರು ಸಾಲದ ಗಿಡವೂ ಬಾಡುವುದು, ನೀರು ಮಿತಿಮೀರಿದ ಗಿಡವೂ ಬಾಡುವುದು. ಎರಡನೆಯದಕ್ಕೆ ಮತ್ತಷ್ಟು ನೀರೆರೆದರೆ ಅದು ಉಳಿಯಲಾರದು.

ಇದರ ಕಾರಣವನ್ನು ತಿಳಿಯತಕ್ಕದ್ದು. ಎರೆಯ ಕಣಗಳು ಅತಿ ಸೂಕ್ಷ್ಮವಾಗಿದ್ದು ನೀರನ್ನು ಬಲವಾಗಿ ಹಿಡಿದುಕೊಳ್ಳುವುವು. ಗಿಡವು ಬಾಡುವ ಹೊತ್ತಿಗೆ ಮಣ್ಣಿನಲ್ಲಿ ಉಳಿಯುವ ತೇವವು ಗಿಡದ ಜಾತಿಗಿಂತ ಮಣ್ಣಿನ ಜಾತಿಯನ್ನೇ ಹೆಚ್ಚಾಗಿ ಅವಲಂಬಿಸುವುದೆಂದು ಅಮೆರಿಕೆಯ ಬ್ರಿಗ್ಸ್ ಮತ್ತು ಶಾಂಟ್ಸ್ ಎಂಬ ವಿಜ್ಞಾನಿಗಳು ೧೯೧೨ರಲ್ಲಿ ಪ್ರಕಟಿಸಿದರು. ನೂರು ಭಾಗ ಒಣಮಣ್ಣಿಗೆ ೫ ಭಾಗ ನೀರಿದ್ದರೂ ಮರಳು ನೆಲದ ಗಿಡವು ಬದುಕಬಲ್ಲದು. ಎರೆಯಲ್ಲಿ ೨೦ ಭಾಗದ ಆಸುಪಾಸಿನಲ್ಲಿಯೇ ಗಿಡವು ಸೋಲುವುದು. ಆದುದರಿಂದ ಕೈಗೆ ತಂಪೆನಿಸಿದ ಮಾತ್ರಕ್ಕೆ ಎರೆಯಲ್ಲಿ ಗಿಡಕ್ಕೆ ನೀರಿದೆಯೆಂದು ಹೇಳಲಾಗದು. ಇನ್ನೊಂದು ಕಡೆ, ನೆನೆದು ಉಬ್ಬಿದ ಎರೆಯೊಳಗೆ ನೀರು ಗಂಟೆಗೆ ಕಾಲು ಅಂಗುಲವೂ ಇಳಿಯದು. ರಂಧ್ರಗಳೆಲ್ಲ ನೀರಿನಿಂದ ತುಂಬಿದಾಗ ಬೇರಿಗೆ ಗಾಳಿ ದೊರೆಯುವುದಿಲ್ಲ. ಉಸಿರುಗಟ್ಟಿದ ಬೇರು ನೀರಿನ ನಡುವೆ ಇದ್ದೂ ನೀರನ್ನು ಹೀರಲಾರದು.

ಪರೀಕ್ಷೆಯನ್ನು ಸೂರ್ಯೋದಯದಲ್ಲಿಯೇ ಮಾಡಬೇಕು. ಬೇಸಿಗೆಯ ಮಧ್ಯಾಹ್ನ ಎಲೆ ಜೋತು ಬೆಳಗಿಗೆ ನೆಟ್ಟಗಾದರೆ ಅವಸರಪಡಬೇಕಾಗಿಲ್ಲ. ಬೆಳಗಿನಲ್ಲಿಯೂ ಜೋತಿದ್ದರೆ ನೆಲವನ್ನು ನೋಡತಕ್ಕದ್ದು. ಬುಡಕ್ಕೆ ಪೆಟ್ಟಾಗದಂತೆ ಮಡಿಯ ಅಂಚಿನಲ್ಲಿ ಒಂದಡಿ ಆಳದವರೆಗೆ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಬೇಕು. ಉಂಡೆಗಟ್ಟದೆ ಗಡುಸಾದ ಹೆಂಟೆಯಾಗಿಯೇ ಉಳಿದರೆ, ಅಥವಾ ಉಂಡೆಯು ಹೆಬ್ಬೆರಳಿನ ಒತ್ತಿಗೆ ಬಿರಿದರೆ ನೀರು ಬೇಕು. ಅಂಗೈಗೆ ಅಂಟಿ ಹೊಳೆಯುವ ಪಟ್ಟಿಯಾಗಿ ಜಾರಿದರೆ ನೀರು ಬೇಡ. ಮಣ್ಣು ಬೂದುನೀಲಿಯಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಸಣ್ಣ ಬೇರುಗಳು ಕಂದಾಗಿ ಸಿಪ್ಪೆ ಕಳಚಿ ಬಂದರೆ ನೀರು ನಿಂತಿದೆಯೆಂಬುದರಲ್ಲಿ ಸಂಶಯವಿಲ್ಲ. ಎಲೆಯೂ ಸ್ವಲ್ಪ ಹೇಳುವುದು: ಕೊರತೆಯಲ್ಲಿ ಅಂಚು ಸುಟ್ಟು ಗರಗರನೆ ಮುರಿಯುವುದು, ಹೆಚ್ಚಳದಲ್ಲಿ ಹಳದಿಯಾಗಿ ಮೆತ್ತಗೆ ಜೋಲುವುದು. ಆದರೆ ಎಲೆಯೊಂದನ್ನೇ ನಂಬಿ ನಿರ್ಣಯಿಸುವುದು ಸರಿಯಲ್ಲ. ಸುಣ್ಣದ ಹರಳಿರುವ ಎರೆಯಲ್ಲಿ ಕಬ್ಬಿಣದ ಅಂಶ ದೊರೆಯದೆಯೂ ಚಿಗುರು ಹಳದಿಯಾಗುವುದು.

ಹೊಸದಾಗಿ ನೆಟ್ಟ ಗಿಡಗಳಲ್ಲಿ ಮತ್ತೊಂದು ತೊಡಕುಂಟು. ಸಸಿಯ ಚೀಲದ ಮಣ್ಣು ಸಾಮಾನ್ಯವಾಗಿ ಕೆಂಪು ಮಣ್ಣು, ಗೊಬ್ಬರಗಳ ಹಗುರ ಮಿಶ್ರಣ. ಸುತ್ತಲಿನ ಎರೆ ಹಸಿಯಾಗಿರುವಾಗಲೂ ಈ ಹೆಂಟೆಯು ಎರಡು ಮೂರು ದಿನಗಳಲ್ಲಿ ಒಣಗಬಹುದು. ಬೇರುಗಳು ಹೊರಗೆ ಹರಡುವವರೆಗೆ ಹೆಂಟೆಯನ್ನೇ ಬೆರಳಿನಿಂದ ಮುಟ್ಟಿ ನೋಡಿ ಅದರ ಮೇಲೆಯೇ ಸ್ವಲ್ಪ ಸ್ವಲ್ಪವಾಗಿ ನೀರು ಕೊಡತಕ್ಕದ್ದು. ಮಳೆಗಾಲದಲ್ಲಿಯಾದರೋ ಅದೇ ಗುಂಡಿಯು ತಳವಿಲ್ಲದ ದಾರಿಯಾಗುವ ಬದಲು ಬೋಗುಣಿಯಂತಾಗಿ, ಸುತ್ತಣ ನೀರೆಲ್ಲ ಅದರಲ್ಲಿ ನಿಲ್ಲುವುದು. ಅಂಥಲ್ಲಿ ನೀರನ್ನು ನಿಲ್ಲಿಸಿ, ಇಳಿಜಾರಿನ ಕಡೆಗೆ ಕಾಲುವೆ ಕಡಿಯಬೇಕು. ಮುಂದಿನ ಗಿಡಗಳನ್ನು ಒಂದಡಿ ಎತ್ತರದ ದಿಬ್ಬದ ಮೇಲೆ ನೆಡುವುದು ಲೇಸು.

ಬೇಸಿಗೆಯಲ್ಲಿ ಬಿರುಕುಬಿಟ್ಟ ಮಡಿಗೆ ಒಮ್ಮೆಲೇ ನೀರು ಬಿಟ್ಟರೆ ಅದು ಬಿರುಕಿನೊಳಗೆ ಇಳಿದು ಬೇರಿಗೆ ದಕ್ಕದೆ ಹೋಗುವುದು. ಮೊದಲು ಮೇಲ್ಮಣ್ಣನ್ನು ಎರಡು ಅಂಗುಲ ಕೆದಕಿ ಬಿರುಕು ಮುಚ್ಚಿ, ಸ್ವಲ್ಪ ನೀರು ಹಾಕಿ, ಮಣ್ಣು ಉಬ್ಬಿದ ಮೇಲೆ ಉಳಿದುದನ್ನು ನಿಧಾನವಾಗಿ ಕೊಡಬೇಕು. ಆ ಬಳಿಕ ಕಬ್ಬಿನ ರವದಿಯನ್ನೋ ಸೋಯಾ ಹೊಟ್ಟನ್ನೋ ನಾಲ್ಕು ಅಂಗುಲ ಹೊದಿಸಿ, ಕಾಂಡದಿಂದ ಒಂದು ಗೇಣು ಜಾಗವನ್ನು ತೆರವಾಗಿ ಬಿಡತಕ್ಕದ್ದು. ಜೋಳದ ದಂಟನ್ನು ಇದಕ್ಕೆ ಬಳಸೆಂದು ದನಗಳುಳ್ಳ ಒಕ್ಕಲಿಗನಿಗೆ ಹೇಳುವುದು ವ್ಯರ್ಥ.