ಒಂದು ಹೆಸರಿಗೆ ಎಷ್ಟು ಕಾಲಂ?

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮನೆತನದ ಹೆಸರು ಮೊದಲು, ತಂದೆಯದು ನಡುವೆ, ತಮ್ಮದು ಕೊನೆಗೆ. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇಲ್ಲಿ ಮೊದಲು ಬರುವುದು ಊರು. ಗಂಗೂಬಾಯಿ ಹಾನಗಲ್ ಅವರಲ್ಲಿ ಅದೇ ಊರು ಕೊನೆಗೆ ಬಂತು. ಕೋಟ ಶಿವರಾಮ ಕಾರಂತರಲ್ಲಿ ಊರು ಮುಂದೆ, ಕುಲನಾಮ ಹಿಂದೆ. ಒಂದೇ ರಾಜ್ಯದ ಈ ನಾಲ್ವರಲ್ಲಿ ನಾಲ್ಕು ಕ್ರಮಗಳಿವೆ. ಆದರೆ ಇಂದಿನ ಹೆಚ್ಚಿನ ಆನ್‌ಲೈನ್ ಅರ್ಜಿಗಳು ಎಲ್ಲರಿಂದಲೂ ಬಯಸುವುದು ಎರಡನ್ನೇ: ಫಸ್ಟ್ ನೇಮ್, ಲಾಸ್ಟ್ ನೇಮ್. ಬರೆಯುವ ಕ್ರಮ ನೋಡಿದರೆ ಕಾರ್ಯಪ್ಪನವರ ಲಾಸ್ಟ್ ನೇಮ್ 'ಕಾರ್ಯಪ್ಪ'. ಮನೆತನ ಎಂಬ ಅರ್ಥ ಹಿಡಿದರೆ 'ಕೊಡಂದೇರ'. ಪುಟ್ಟಪ್ಪನವರಿಗಂತೂ ಆ ಅರ್ಥದ ಲಾಸ್ಟ್ ನೇಮ್ ಇಲ್ಲವೇ ಇಲ್ಲ.

ಇಂಥ ಅರ್ಜಿಯ ಹಿಂದೆ ಸ್ಕೀಮಾ ಎಂಬ ನಮೂನೆ ಇರುತ್ತದೆ. ಬಳಕೆದಾರರ ಬಗ್ಗೆ ಯಾವ ಮಾಹಿತಿ ಇಟ್ಟುಕೊಳ್ಳಬೇಕು, ಯಾವುದು ಕಡ್ಡಾಯ, ಯಾವುದು ಯಾವ ರೂಪದಲ್ಲಿರಬೇಕು ಎಂದು ಅದು ಗೊತ್ತುಮಾಡುತ್ತದೆ. ಪ್ರತಿ ಕಂಪನಿಯೂ ಇದನ್ನು ಹೊಸದಾಗಿ ಬರೆಯುವುದಿಲ್ಲ. ಮೊದಲೇ ಇರುವ ಮಾನಕಗಳಿಂದ ಎತ್ತಿಕೊಳ್ಳುತ್ತದೆ. ಹಾಗಾಗಿ ಮಾನಕದಲ್ಲಿ ನುಸುಳಿದ ಒಂದು ತಪ್ಪು ಊಹೆ ಸಾವಿರಾರು ತಂತ್ರಾಂಶಗಳಿಗೆ ಹರಡುತ್ತದೆ. ಮೊಬೈಲಿನ ಸಂಪರ್ಕ ವಿವರಗಳನ್ನು ಸಾಗಿಸುವ ವಿಕಾರ್ಡ್ ಮಾನಕವನ್ನೇ ನೋಡಿ. 1998ರ ಆವೃತ್ತಿಯಲ್ಲಿ ಪೂರ್ತಿ ಹೆಸರೂ ಕಡ್ಡಾಯ, ಕುಲನಾಮ, ಸ್ವಂತ ಹೆಸರು ಎಂದು ಒಡೆದ ಹೆಸರೂ ಕಡ್ಡಾಯವಾಗಿತ್ತು. 2011ರ ಆವೃತ್ತಿ ಪೂರ್ತಿ ಹೆಸರನ್ನಷ್ಟೇ ಕಡ್ಡಾಯವಾಗಿ ಉಳಿಸಿ, ಒಡೆದದ್ದನ್ನು ಐಚ್ಛಿಕ ಮಾಡಿತು. ಒಂದು ಖಾತೆಯಿಂದ ಹಲವು ಕಡೆ ಲಾಗಿನ್ ಆಗಲು ನೆರವಾಗುವ ಓಪನ್‌ಐಡಿ ಕನೆಕ್ಟ್ (2014) ಕೂಡ, ಕೆಲವು ಸಂಸ್ಕೃತಿಗಳಲ್ಲಿ ಕುಲನಾಮ ಇಲ್ಲದೆಯೂ ಇರಬಹುದು ಎಂದು ತನ್ನ ವಿವರಣೆಯಲ್ಲೇ ಬರೆದಿದೆ. ನನ್ನ ವಾದ ಈ ದಾರಿಯದೇ: ಮನುಷ್ಯ ತನ್ನ ಹೆಸರನ್ನು ಹೇಗೆ ಬರೆಯುತ್ತಾನೋ ಹಾಗೆ, ಒಂದೇ ಕಾಲಂನಲ್ಲಿ ಪಡೆಯಬೇಕು. ಅದನ್ನು ಒಡೆಯಲೇಬೇಕಾದರೆ, ಯಾಕೆ ಎಂದು ಹೇಳುವ ಹೊಣೆ ಕೇಳುವವರದು.

ಎಲ್ಲರ ಹೆಸರಿಗೂ ಎರಡು ಭಾಗಗಳಿರುತ್ತವೆ ಎಂಬ ಊಹೆಯ ಬೆಲೆ ತೆರುವವರು ಸಾಮಾನ್ಯ ಜನ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರನ್ನು ಭೇಟಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ವಿಮಾನ ಸಂಸ್ಥೆಗಳಿಗೆ ತಿಳಿಸಿತು. ಆಮೇಲೆ, ಪಾಸ್‌ಪೋರ್ಟ್‌ನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ಅಮೆರಿಕದ ವೀಸಾಗಳಲ್ಲಿ ಒಂಟಿ ಹೆಸರಿನವರಿಗೆ 'ಎಫ್‌ಎನ್‌ಯು' ಎಂಬ ಮೂರಕ್ಷರ ಅಂಟುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಹೆಸರು ಚೆನ್ನಾಗಿಯೇ ಗೊತ್ತಿರುತ್ತದೆ, ಕಾಲಂಗೆ ಹೊಂದುವುದಿಲ್ಲ ಅಷ್ಟೆ. ನಮ್ಮಲ್ಲಿಯೂ ಆಧಾರ್ ಇಡೀ ಹೆಸರನ್ನು ಒಂದೇ ಕಡೆ ಬರೆಸಿಕೊಂಡರೆ, ಪಾನ್ ಅರ್ಜಿ ಮೂರು ತುಂಡು ಕೇಳುತ್ತದೆ, ಇನಿಷಿಯಲ್ ಒಪ್ಪುವುದಿಲ್ಲ, ಒಂದೇ ಹೆಸರಿನವರು ಅದನ್ನು ಲಾಸ್ಟ್ ನೇಮ್ ಜಾಗದಲ್ಲಿ ಬರೆಯಬೇಕು ಎನ್ನುತ್ತದೆ. ಒಬ್ಬನೇ ವ್ಯಕ್ತಿಯ ಎರಡು ದಾಖಲೆಗಳಲ್ಲಿ ಹೆಸರು ತಾಳೆಯಾಗದಂತೆ ಮಾಡುವುದು ಎಷ್ಟೋ ಸಲ ಅರ್ಜಿಗಳೇ.

ಒಂದೇ ಕಾಲಂ ಇಟ್ಟರೆ ಅಕಾರಾದಿ ಪಟ್ಟಿ ಮಾಡುವುದು ಹೇಗೆ, ಪತ್ರದಲ್ಲಿ ಏನೆಂದು ಸಂಬೋಧಿಸುವುದು ಎಂದು ತಂತ್ರಜ್ಞರು ಕೇಳುತ್ತಾರೆ. ಪ್ರಶ್ನೆ ಸರಿಯೇ. ಆದರೆ ಉತ್ತರವನ್ನು ಹೆಸರಿನ ತುಂಡುಗಳಿಂದ ಊಹಿಸಬೇಕಿಲ್ಲ, ವ್ಯಕ್ತಿಯನ್ನೇ ಕೇಳಬಹುದು: 'ನಿಮ್ಮನ್ನು ಏನೆಂದು ಕರೆಯಬೇಕು?' ಐಸ್‌ಲ್ಯಾಂಡಿನ ದೂರವಾಣಿ ಪುಸ್ತಕ ಸ್ವಂತ ಹೆಸರಿನ ಪ್ರಕಾರವೇ ಜೋಡಣೆಯಾಗುತ್ತಿತ್ತು; ಅಲ್ಲಿ ಹೆಚ್ಚಿನವರ ಎರಡನೆಯ ಹೆಸರು ತಂದೆಯದೋ ತಾಯಿಯದೋ ಆಗಿರುತ್ತದೆ, ಕುಲದ್ದಲ್ಲ. ಇನ್ನೊಂದು ಆಕ್ಷೇಪ ಭದ್ರತೆಯದು, ಅದು ಹೆಚ್ಚು ಗಟ್ಟಿ. ಗಡಿಯಲ್ಲಿ ಹೆಸರು ತಾಳೆ ನೋಡಲು ಭಾಗಗಳು ಬೇಕೇ ಬೇಕು ಎನ್ನುತ್ತಾರೆ. ಆದರೆ ಜಗತ್ತಿನ ಪಾಸ್‌ಪೋರ್ಟ್‌ಗಳಿಗೆ ನಿಯಮ ಬರೆದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯೇ ಕುಲನಾಮ ಕಡ್ಡಾಯ ಎಂದಿಲ್ಲ. ಪ್ರಧಾನ ಗುರುತು, ಉಪಗುರುತು ಎಂದು ಎರಡು ಜಾಗ ಕೊಟ್ಟು, ಹೆಸರಿನ ಯಾವ ಭಾಗ ಪ್ರಧಾನ ಎಂಬ ನಿರ್ಧಾರವನ್ನು ಪಾಸ್‌ಪೋರ್ಟ್ ಕೊಡುವ ದೇಶಕ್ಕೆ ಬಿಟ್ಟಿದೆ. ಒಂದೇ ಹೆಸರಿದ್ದರೆ ಅದೇ ಪ್ರಧಾನ. ಮುಕ್ತ ಕಾಲಂ ಕೊಟ್ಟರೆ ಜನ ಏನೇನೋ ತುಂಬುತ್ತಾರೆ ಎನ್ನುವವರಿಗೆ ಹೇಳಬೇಕಾದದ್ದು ಇಷ್ಟೆ: ಇಲ್ಲದ ಲಾಸ್ಟ್ ನೇಮ್ ಕಡ್ಡಾಯ ಮಾಡಿದಾಗ ಜನ ಒಂದು ಚುಕ್ಕಿಯನ್ನೋ, ಅದೇ ಹೆಸರನ್ನು ಎರಡನೆಯ ಸಲವೋ ತುಂಬುತ್ತಾರೆ. ಕಸ ಹುಟ್ಟುವುದು ಅಲ್ಲಿ.

ಉದ್ದದ ಮಿತಿಯಲ್ಲೂ ಇದೇ ಬಗೆಯ ಊಹೆ ಅಡಗಿದೆ, ಕನ್ನಡಿಗರಿಗೆ ಇದು ನೇರವಾಗಿ ತಟ್ಟುತ್ತದೆ. 'ಕೃಷ್ಣಮೂರ್ತಿ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿನ ಲಿಪಿಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಒತ್ತು, ಗುಣಿತಗಳೆಲ್ಲ ಬೇರೆ ಬೇರೆ ಸಂಕೇತಗಳಾದ್ದರಿಂದ ಅದು 11 ಸಂಕೇತ. ಅಂತರ್ಜಾಲದಲ್ಲಿ ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು, ಒಟ್ಟು 33. ಹೆಸರಿಗೆ 30 ಬೈಟ್ ಸಾಕೆಂದು ಇಂಗ್ಲಿಷ್ ಹೆಸರುಗಳನ್ನಷ್ಟೇ ನೋಡಿ ಗೆರೆ ಎಳೆದವರ ಕಡತದಲ್ಲಿ ಕೃಷ್ಣಮೂರ್ತಿಯ ಕೊನೆಯ ಗುಡಿಸು ಕತ್ತರಿಸಿಹೋಗುತ್ತದೆ. ಆದ್ದರಿಂದ ಮಿತಿ ಧಾರಾಳವಾಗಿರಬೇಕು, ಒಂದೇ ಹೆಸರನ್ನು ಎರಡು ಲಿಪಿಗಳಲ್ಲಿ ಇಡಲು ಜಾಗವಿರಬೇಕು. ಹುಟ್ಟಿದ ದಿನಕ್ಕೂ ಈ ಧಾರಾಳತನ ಸಲ್ಲಬೇಕು. ದಿನ, ತಿಂಗಳು ಗೊತ್ತಿಲ್ಲದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಧಾರ್ ಅಂಥವರಿಗೆ ಇಸವಿಯೊಂದನ್ನೇ ದಾಖಲಿಸಲು ಎಡೆಮಾಡಿಕೊಟ್ಟಿತು, ಅದು ಒಳ್ಳೆಯ ನಡೆ. ಪೂರ್ತಿ ತಾರೀಕು ಕಡ್ಡಾಯ ಮಾಡಿದರೆ ಸಿಗುವುದು ಯಾರೋ ಅಂದಾಜಿನಲ್ಲಿ ಬರೆದ ತಾರೀಕು.

ಈ ಚರ್ಚೆಯಲ್ಲಿ ಬೆಂಗಳೂರಿಗೂ ಪಾಲಿದೆ. ಇಲ್ಲಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ (ಐಐಐಟಿ) 2018ರಲ್ಲಿ ಶುರುವಾದ ಮೊಸಿಪ್ ಎಂಬ ಮುಕ್ತ ತಂತ್ರಾಂಶವನ್ನು ಫಿಲಿಪ್ಪೀನ್ಸ್, ಮೊರಾಕೊದಂಥ ದೇಶಗಳು ತಮ್ಮ ಗುರುತಿನ ವ್ಯವಸ್ಥೆಗೆ ಬಳಸಿಕೊಂಡಿವೆ. ಯಾವ ಕಾಲಂ ಇರಬೇಕು, ಯಾವ ಭಾಷೆಗಳಲ್ಲಿರಬೇಕು ಎಂದು ಅದರ ಸ್ಕೀಮಾದಲ್ಲಿ ಆಯಾ ದೇಶವೇ ಬರೆದುಕೊಳ್ಳಬಹುದು. ತಾಯಿಯ ತವರಿನ ಕುಲನಾಮವನ್ನು ನಡುವೆ ಇಟ್ಟುಕೊಳ್ಳುವ ಫಿಲಿಪ್ಪೀನ್ಸ್‌ನವರಿಗೂ ಅರಬಿ ಲಿಪಿ ಬೇಕಾದ ಮೊರಾಕೊದವರಿಗೂ ಇದು ಅನುಕೂಲ. ಆದರೆ ದೇಶಕ್ಕೆ ಬಿಟ್ಟರಷ್ಟೇ ಸಾಲದು. ಸುಕಾರ್ನೊ, ಸುಹಾರ್ತೊ ಎಂಬ ಒಂಟಿ ಹೆಸರಿನ ಇಬ್ಬರು ಅಧ್ಯಕ್ಷರನ್ನು ಕಂಡ ಇಂಡೊನೇಷ್ಯಾವೇ, ಹೊಸದಾಗಿ ದಾಖಲಿಸುವ ಹೆಸರಿನಲ್ಲಿ ಕನಿಷ್ಠ ಎರಡು ಪದಗಳಿರಬೇಕು ಎಂದು 2022ರಲ್ಲಿ ನಿಯಮ ಮಾಡಿತು. ಕೊಡಗಿನವರಿಗೂ ಧಾರವಾಡದವರಿಗೂ ಒಂದೇ ಕ್ರಮ ಒಗ್ಗದ ಮೇಲೆ, ಒಂದು ಇಡೀ ದೇಶಕ್ಕೆ ಹೇಗೆ ಒಗ್ಗೀತು? ಹಾಗಾಗಿ, ಯಾರೂ ಏನನ್ನೂ ಬದಲಿಸದಿದ್ದಾಗ ತಾನಾಗಿ ತೆರೆದುಕೊಳ್ಳುವ ನಮೂನೆಯಲ್ಲೇ ಪೂರ್ತಿ ಹೆಸರಿಗೆ ಒಂದು ಕಾಲಂ, ಕರೆಯುವ ಹೆಸರಿಗೆ ಐಚ್ಛಿಕವಾದ ಇನ್ನೊಂದು ಇರಬೇಕು. ಅದಕ್ಕಿಂತ ಹೆಚ್ಚು ಕೇಳುವ ಇಲಾಖೆ, ಕಂಪನಿಗಳು ಅದು ಯಾತಕ್ಕೆ ಬೇಕೆಂಬುದನ್ನು ಆ ಕಾಲಂನ ಪಕ್ಕದಲ್ಲೇ ಬರೆಯಲಿ.