ರಾತ್ರಿ ಎಲ್ಲಿ ತಂಗುವಿರಿ? ಮೊದಲು ಅದನ್ನು ಬರೆದುಕೊಳ್ಳಿ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಸೊಲ್ಲಾಪುರದ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಮಾತು: "ಈ ಸಲ ವೇಳಾಂಗಣಿಗೆ ಹೋಗೋಣೇನು?" ಒಬ್ಬರದು ಮಗುವಿನ ಮುಡಿ ಕೊಡುವ ಹರಕೆ, ಇನ್ನೊಬ್ಬರದು ಕಾಯಿಲೆ ವಾಸಿಯಾದ ಕೃತಜ್ಞತೆ. ರೈಲಿನಲ್ಲಿ ಹದಿನೈದು ಜನರಿಗೆ ಒಟ್ಟಿಗೆ ಟಿಕೆಟ್ ಸಿಗುವುದು ಕಷ್ಟ. ಎರಡು ಮೂರು ಕುಟುಂಬಗಳು ಸೇರಿ ಒಂದು ಗಾಡಿ ಮಾಡುತ್ತವೆ. ಗಾಡಿ ಯಾವುದು, ಬಾಡಿಗೆ ಎಷ್ಟು, ಬುತ್ತಿ ಏನು ಎಂಬುದೆಲ್ಲ ಒಂದೇ ಸಂಜೆಯಲ್ಲಿ ತೀರ್ಮಾನವಾಗುತ್ತದೆ. ರಾತ್ರಿ ಎಲ್ಲಿ ಮಲಗುವುದು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. "ದಾರ್ಯಾಗ ನೋಡಿದರಾತು" ಎನ್ನುತ್ತೇವೆ.

ಪ್ರಿಯ ಓದುಗರೇ, ಈ ಮಾತನ್ನು ನಾವೂ ಆಡಿದ್ದೇವೆ. ಅದರ ಬೆಲೆಯನ್ನೂ ತೆತ್ತಿದ್ದೇವೆ. ಆದ್ದರಿಂದ ಈ ಬಾರಿ ಉಪದೇಶಕ್ಕಿಂತ ಹೆಚ್ಚಾಗಿ ಅನುಭವವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಒಂದು ಮೇ ತಿಂಗಳ ರಾತ್ರಿ

ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರದ ಎರಡು ಕುಟುಂಬಗಳೊಡನೆ ನಾವೂ ವೇಳಾಂಗಣಿಗೆ ಹೊರಟಿದ್ದೆವು. ಹನ್ನೆರಡು ಜನರಲ್ಲಿ ನಾಲ್ವರು ಮಕ್ಕಳು, ಒಬ್ಬರು ಎಪ್ಪತ್ತು ದಾಟಿದ ಆಯಿ. ರಾತ್ರಿಯಿಡೀ ಗಾಡಿ ಓಡಿಸಿದರೆ ಬಿಸಿಲೂ ತಪ್ಪುತ್ತದೆ, ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯುತ್ತದೆ ಎಂಬುದು ಎಲ್ಲರ ಲೆಕ್ಕ. ಅದಕ್ಕೆ ಮೊದಲು ತಲೆಯಾಡಿಸಿದವರು ನಾವೇ. ಸಂಜೆ ಐದಕ್ಕೆ ಹೊರಟೆವು. ಜಪಸರ ಮುಗಿಯಿತು, ಹಾಡು ಮುಗಿಯಿತು, ಒಬ್ಬೊಬ್ಬರಾಗಿ ನಿದ್ದೆಗೆ ಜಾರಿದೆವು.

ಬೆಳಗಿನ ಜಾವ ಮೂರೂವರೆ ಇರಬಹುದು. ಹಿರಿಯೂರು ದಾಟಿದ ಮೇಲೆ ಗಾಡಿ ರಸ್ತೆ ಬಿಟ್ಟು ಇಳಿಯಿತು, ಒಂದು ಕಲ್ಲಿಗೆ ಬಡಿದು ವಾಲಿ ನಿಂತಿತು. ಜೀವ ಯಾರದೂ ಹೋಗಲಿಲ್ಲ. ಆಯಿಯ ಮಣಿಕಟ್ಟು ಮುರಿಯಿತು, ಒಂದು ಮಗುವಿನ ಹಣೆಗೆ ಹೊಲಿಗೆ ಬಿತ್ತು. ಹತ್ತಿರದ ಆಸ್ಪತ್ರೆಯ ಪಡಸಾಲೆಯಲ್ಲಿ ಚಾಲಕ ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಅವನು ಹಿಂದಿನ ರಾತ್ರಿ ಒಂದು ಮದುವೆಯ ದಿಬ್ಬಣ ಬಿಟ್ಟು ಬಂದು, ಹಗಲು ಎರಡು ತಾಸು ಮಾತ್ರ ಮಲಗಿದ್ದನೆಂದು ಆಗ ಗೊತ್ತಾಯಿತು. ನಾವು ಸ್ವಲ್ಪ ಗಡುಸಾಗಿಯೇ ಕೇಳಿದೆವು: "ನಿದ್ದೆ ಬಂದರೆ ಹೇಳಬಾರದಿತ್ತೇನೋ, ತಮ್ಮಾ?"

ಅವನು ಹೇಳಿದ: "ಫಾದರ್, ಚಾ ಕುಡೀ ಅಂತ ಎಲ್ಲಾರೂ ಅಂದ್ರಿ. ಮಲಕೋ ಅಂತ ಯಾರೂ ಅನಲಿಲ್ರಿ."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಯಾಣ ಅಲ್ಲಿಗೇ ನಿಂತಿತು. ವೇಳಾಂಗಣಿ ನೋಡದೆ ಊರಿಗೆ ಮರಳಿದೆವು.

ರಾತ್ರಿಯಿಂದ ಲೆಕ್ಕ ಆರಂಭವಾಗಲಿ

ಎಂಬತ್ತು ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಹೋಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್ ದೂರ ಗಾಡಿಗೆ ಚಾಲಕನೇ ಇಲ್ಲದಂತೆ. ದೇಹಕ್ಕೆ ನಿದ್ದೆಯ ಸೆಳೆತ ಬಹಳ ಇರುವ ಹೊತ್ತು ಎರಡು: ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಒಮ್ಮೆ, ಮಧ್ಯಾಹ್ನದ ಊಟದ ನಂತರ ಇನ್ನೊಮ್ಮೆ. ಚಹಾ ಆ ಸೆಳೆತವನ್ನು ಸ್ವಲ್ಪ ಹೊತ್ತು ಮುಂದೂಡಬಹುದು, ತೀರಿಸಲಾರದು. ಗಾಡಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಅದಕ್ಕಿಂತ ಮೇಲು, ರಾತ್ರಿಯ ಪೂರ್ತಿ ನಿದ್ದೆ ಎಲ್ಲಕ್ಕಿಂತ ಮೇಲು. ಇದು ಹೊಸ ಅರಿವೇನಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಚಾಲಕರ ಕೆಲಸಕ್ಕೆ ದಿನಕ್ಕೆ ಎಂಟು ಗಂಟೆಯ ಸಾಮಾನ್ಯ ಮಿತಿ ಹಾಕಿತ್ತು, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತ್ತು.

ಎರಡು ವರ್ಷದ ಮೇಲೆ ಅದೇ ಕುಟುಂಬಗಳು ಮತ್ತೆ ಹೊರಡುವ ಮನಸ್ಸು ಮಾಡಿದಾಗ, ಎಲ್ಲರೂ ಗುರುಮನೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಕುಳಿತೆವು. ಮೊದಲ ಪುಟದಲ್ಲಿ ದೇವಾಲಯದ ಹೆಸರನ್ನಾಗಲಿ ಪ್ರೇಕ್ಷಣೀಯ ಸ್ಥಳದ ಹೆಸರನ್ನಾಗಲಿ ಬರೆಯಲಿಲ್ಲ. ಯಾವ ರಾತ್ರಿ ಯಾವ ಊರು ಎಂಬುದನ್ನಷ್ಟೇ ಬರೆದೆವು. ಆಮೇಲೆ ಅದಕ್ಕೆ ತಕ್ಕಂತೆ ದಾರಿ ಹೊಂದಿಸಿದೆವು. ಸಂಖ್ಯಾಕಾಂಡದ 33ನೇ ಅಧ್ಯಾಯವನ್ನು ಓದಿ ನೋಡಿ. ಇಸ್ರಯೇಲರು ಎಲ್ಲಿಂದ ಹೊರಟರು, ಎಲ್ಲಿ ಪಾಳೆಯ ಹಾಕಿದರು ಎಂಬ ಉದ್ದ ಪಟ್ಟಿ ಅದು. ಓದುವಾಗ ಬೇಸರ ಬರಬಹುದು. ಮುದುಕರು ಮಕ್ಕಳನ್ನು ಕಟ್ಟಿಕೊಂಡು ನಡೆದವರಿಗೆ ತಂಗಿದ ಊರುಗಳೇ ಪ್ರಯಾಣದ ನೆನಪು.

ನಾಲ್ಕು ದಿನ, ಮೂರು ರಾತ್ರಿ

ಸೊಲ್ಲಾಪುರದಿಂದ ವೇಳಾಂಗಣಿಗೆ ಸುಮಾರು 1,130 ಕಿ.ಮೀ. ನಮ್ಮ ಪಟ್ಟಿ ಹೀಗಿತ್ತು.

ಮೊದಲ ದಿನ ಬೆಳಿಗ್ಗೆ ಐದಕ್ಕೆ ಹೊರಟು ವಿಜಯಪುರ, ಇಳಕಲ್ಲು, ಕುಷ್ಟಗಿ ಮಾರ್ಗವಾಗಿ ಹೊಸಪೇಟೆ. ಸುಮಾರು 305 ಕಿ.ಮೀ. ಮಧ್ಯಾಹ್ನವೇ ಮುಟ್ಟಬಹುದಾದ್ದರಿಂದ ಬಿಸಿಲು ಇಳಿದ ಮೇಲೆ ಮಕ್ಕಳಿಗೆ ಹಂಪಿ ತೋರಿಸಲು ಸಮಯವಿತ್ತು.

ಎರಡನೆಯ ದಿನ ಚಿತ್ರದುರ್ಗ, ತುಮಕೂರು ದಾಟಿ ಹೊಸೂರು. ಸುಮಾರು 375 ಕಿ.ಮೀ. ಇದೇ ಉದ್ದದ ದಿನ. ಬೆಂಗಳೂರಿನ ಒಳಗೆ ಹೋಗದೆ, ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸೇರುವ ನೈಸ್ ರಸ್ತೆ ಹಿಡಿದರೆ ಒಳ್ಳೆಯದು. ಸಂಜೆ ಕಚೇರಿ ಬಿಡುವ ಹೊತ್ತಿಗೆ ಮೊದಲೇ ಅತ್ತಿಬೆಲೆ ದಾಟಬೇಕು.

ಮೂರನೆಯ ದಿನ ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್ ಮೂಲಕ ತಿರುಚ್ಚಿ. ಸುಮಾರು 300 ಕಿ.ಮೀ. ಧರ್ಮಪುರಿ ಮತ್ತು ಸೇಲಂ ನಡುವಿನ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಅಪಘಾತಗಳು ಬಹಳ. ಅದನ್ನು ಹಗಲಿನಲ್ಲೇ ದಾಟಬೇಕು, ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡಬಾರದು.

ನಾಲ್ಕನೆಯ ದಿನ ಉಳಿಯುವುದು 155 ಕಿ.ಮೀ. ಮಾತ್ರ. ಬೇಕೆಂದೇ ಕೊನೆಯ ತಂಗುದಾಣವನ್ನು ಗುರಿಯ ಹತ್ತಿರ ಇಟ್ಟೆವು. ತಂಜಾವೂರಿಗೆ ಮುನ್ನ ಸ್ವಲ್ಪ ಬಳಸಿಕೊಂಡು ಹೋದರೆ ಪೂಂಡಿ ಮಾತೆಯ ಬಸಿಲಿಕಾ ಸಿಗುತ್ತದೆ. ಅಲ್ಲಿ ಪ್ರಾರ್ಥಿಸಿಕೊಂಡು ಮಧ್ಯಾಹ್ನಕ್ಕೆ ಆರೋಗ್ಯ ಮಾತೆಯ ಮುಂದೆ ನಿಂತೆವು. ಯಾರ ಕಣ್ಣಲ್ಲೂ ನಿದ್ದೆ ಇರಲಿಲ್ಲ.

ಮಕ್ಕಳಿಗೆ ನಾವು ನದಿ ಎಣಿಸುವ ಕೆಲಸ ಕೊಟ್ಟಿದ್ದೆವು. ಭೀಮಾ, ಕೃಷ್ಣಾ, ತುಂಗಭದ್ರಾ, ಕಾವೇರಿ. ಮೊಬೈಲು ಕೇಳಿದ್ದು ಕಡಿಮೆ.

ಮೊಬೈಲಿನ ನಕ್ಷೆ ಆರು ತಾಸು ಎಂದರೆ ಕುಟುಂಬದ ಗಾಡಿಗೆ ಎಂಟು ತಾಸು ಎಂದೇ ತಿಳಿಯಿರಿ. ಮಗುವಿನ ವಾಂತಿ, ಅಜ್ಜಿಯ ಮೊಣಕಾಲು, ಡೀಸೆಲ್ಲು, ಊಟ ಇವು ಯಾವುವೂ ನಕ್ಷೆಗೆ ಗೊತ್ತಿಲ್ಲ.

ತಂಗುವ ಜಾಗ

ತಂಗುದಾಣಕ್ಕೆ ಕತ್ತಲಾಗುವ ಮೊದಲೇ ತಲುಪಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ, ನೀರು ಬರುತ್ತದೆಯೇ, ಬಾಗಿಲ ಚಿಲಕ ಸರಿ ಇದೆಯೇ ಎಂದು ಬೆಳಕಿರುವಾಗ ನೋಡಿಕೊಳ್ಳಬಹುದು. ಧರ್ಮಕೇಂದ್ರದ ಸಭಾಂಗಣದಲ್ಲಿ ತಂಗುವ ಮನಸ್ಸಿದ್ದರೆ ಎರಡು ಮೂರು ವಾರ ಮೊದಲೇ ಅಲ್ಲಿನ ಗುರುಗಳಿಗೆ ಫೋನ್ ಮಾಡಿ, ಇಲ್ಲಿಂದ ಒಂದು ಪರಿಚಯ ಪತ್ರ ಒಯ್ಯಿರಿ. ಆ ದಿನ ಅಲ್ಲಿ ಮದುವೆ ಇದೆಯೇ, ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ, ಗಾಡಿ ಒಳಗೆ ನಿಲ್ಲುತ್ತದೆಯೇ ಎಂದು ಕೇಳಿ. ಬೆಳಿಗ್ಗೆ ಕಸ ಗುಡಿಸಿ, ಕೈಲಾದ ಕಾಣಿಕೆ ಹಾಕಿ ಹೊರಡಿ. ನಮ್ಮ ಹಿಂದೆ ಬರುವ ಯಾತ್ರಿಕರಿಗೂ ಆ ಬಾಗಿಲು ತೆರೆದಿರಬೇಕಲ್ಲವೇ? ವಸತಿಗೃಹವಾದರೆ ಎಲ್ಲ ಹಿರಿಯರ ಗುರುತಿನ ಚೀಟಿ ಜೊತೆಗಿರಲಿ.

ಚಾಲಕನಿಗೂ ಒಂದು ಹಾಸಿಗೆ ಲೆಕ್ಕಕ್ಕೆ ಸೇರಿಸಿ. "ಅವನು ಗಾಡಿಯಲ್ಲೇ ಮಲಗುತ್ತಾನೆ" ಎನ್ನಬೇಡಿ. ಬಾಡಿಗೆ ಮಾತನಾಡುವಾಗಲೇ ಹಿಂದಿನ ರಾತ್ರಿ ಅವನಿಗೆ ಕೆಲಸವಿದೆಯೇ ಎಂದು ಕೇಳಿ. ಪರಿಚಯದವರದೆಂದು ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಪಡೆಯಬೇಡಿ, ಅಪಘಾತವಾದರೆ ವಿಮೆಯ ಹಣಕ್ಕೆ ತೊಡಕಾಗುತ್ತದೆ. ಹಳದಿ ಬೋರ್ಡಿನ ಗಾಡಿಗೆ ಕರ್ನಾಟಕ, ತಮಿಳುನಾಡಿಗೂ ಸಲ್ಲುವ ಪರವಾನಗಿ ಇದೆಯೇ ನೋಡಿ.

ವೇಳಾಂಗಣಿಯಲ್ಲಿ ಆಗಸ್ಟ್ 29ರ ಧ್ವಜಾರೋಹಣದಿಂದ ಸೆಪ್ಟೆಂಬರ್ 8ರ ಹಬ್ಬದವರೆಗೆ ಕೋಣೆ ಸಿಗುವುದು ಬಹಳ ಕಷ್ಟ. ಎಳೆಮಕ್ಕಳಿದ್ದರೆ, ಕೋಣೆ ಖಚಿತವಾಗದೆ ಆ ದಿನಗಳಲ್ಲಿ ಹೊರಡಬೇಡಿ.

ಡೇರೆ, ಒಲೆ, ನದಿದಂಡೆ

ಹಿಂದೆ ನಮ್ಮ ಹಿರಿಯರು ದಾರಿಬದಿಯ ಮರದ ಕೆಳಗೆ ತಾಡಪತ್ರಿ ಹಾಸಿ, ಮೂರು ಕಲ್ಲಿಟ್ಟು ಅನ್ನ ಬೇಯಿಸಿ, ಅಲ್ಲೇ ಮಲಗುತ್ತಿದ್ದರು. ಈಗಿನ ಹುಡುಗರು ಮಡಚುವ ಡೇರೆ ತರುತ್ತಾರೆ. ತಪ್ಪಿಲ್ಲ, ಆದರೆ ಕೆಲವು ಎಚ್ಚರಿಕೆಗಳಿವೆ.

ಹೆದ್ದಾರಿಯ ಅಂಚಿನಲ್ಲಿ ಎಂದೂ ಮಲಗಬೇಡಿ. ಡೇರೆ ಹಾಕುವುದಾದರೆ ಕಾಂಪೌಂಡು ಇರುವ ಜಾಗದಲ್ಲಿ, ಮಾಲೀಕರ ಒಪ್ಪಿಗೆ ಪಡೆದು ಹಾಕಿ. ನದಿಯ ಮರಳು ಮೆತ್ತಗೆ ತಂಪಾಗಿ ಕಾಣುತ್ತದೆ. ಆದರೆ ಕೃಷ್ಣೆಗೆ ಆಲಮಟ್ಟಿ, ತುಂಗಭದ್ರೆಗೆ ಹೊಸಪೇಟೆಯ ಅಣೆಕಟ್ಟು, ಕಾವೇರಿಗೆ ಮೆಟ್ಟೂರು ಇವೆ. ಮೇಲೆ ಎಲ್ಲೋ ಮಳೆಯಾಗಿ ನೀರು ಬಿಟ್ಟರೆ ಕೆಳಗೆ ಮಲಗಿದವರಿಗೆ ತಿಳಿಯುವುದು ತಡವಾಗಿ. ನದಿಪಾತ್ರದಲ್ಲಿ ಊಟವನ್ನೂ ಮಾಡಬೇಡಿ, ನಿದ್ದೆಯನ್ನೂ ಮಾಡಬೇಡಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತಮಿಳುನಾಡಿನ ಕರಾವಳಿಗೆ ಈಶಾನ್ಯ ಮಾರುತದ ಮಳೆಗಾಲ. ಆಗ ಡೇರೆ ಬೇಡವೇ ಬೇಡ.

ಗ್ಯಾಸಿನ ಒಲೆಯನ್ನು ಗಾಡಿಯೊಳಗೆ ಅಥವಾ ಡೇರೆಯೊಳಗೆ ಹಚ್ಚಬಾರದು. ಸೆಕೆಯೆಂದು ಗಾಡಿಯ ಗಾಜೆಲ್ಲ ಏರಿಸಿ, ಇಂಜಿನ್ ಓಡಿಸುತ್ತಾ ಎ.ಸಿ. ಹಾಕಿ ಮಲಗುವುದು ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿದರೆ ವಾಸನೆಯೇ ಇಲ್ಲದೆ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಸೊಳ್ಳೆಪರದೆ, ಬ್ಯಾಟರಿ ದೀಪ, ಹಿರಿಯರ ಔಷಧಿ ಕೈಗೆ ಸಿಗುವ ಚೀಲದಲ್ಲಿರಲಿ. ಬೆಳಿಗ್ಗೆ ಚಪ್ಪಲಿ, ಬೂಟು ಝಾಡಿಸಿ ಹಾಕಿಕೊಳ್ಳಿ.

ಮೊದಲ ಎರಡು ದಿನಕ್ಕೆ ಮನೆಯ ಬುತ್ತಿಯೇ ಸಾಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಕೆಡುವುದಿಲ್ಲ. ತಂಗಿದ ಕಡೆ ಬಿಸಿ ಅನ್ನ ಸಾರು ಮಾಡಿಕೊಂಡರೆ ಊಟ ಪೂರ್ತಿಯಾಗುತ್ತದೆ.

ಕಾಡಿನ ದಾರಿಯ ಗೇಟು

ಬರುವಾಗ ಊಟಿ, ಮೈಸೂರು ನೋಡಿಕೊಂಡು ಬರುವ ಆಸೆ ಹಲವರದು. ಒಂದು ವಿಷಯ ನೆನಪಿಡಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಗೇಟು ಹಾಕಿದ ಮೇಲೆ ಮಕ್ಕಳೊಡನೆ ಚೆಕ್‌ಪೋಸ್ಟಿನಲ್ಲಿ ರಾತ್ರಿ ಕಳೆಯುವುದು ಬೇಡ. ಒಂದೋ ಊಟಿ, ಗೂಡಲೂರು ಕಡೆ ತಂಗಿ, ಇಲ್ಲವೇ ಮಧ್ಯಾಹ್ನವೇ ಕಾಡು ದಾಟಿ ಗುಂಡ್ಲುಪೇಟೆ ಸೇರಿ. ಕಾಡಿನೊಳಗೆ ಗಾಡಿ ನಿಲ್ಲಿಸುವುದು, ಒಲೆ ಹಚ್ಚುವುದು ಸಲ್ಲದು. ಊಟಿಗೆ ಹೋಗುವ ಗಾಡಿಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಪದ್ಧತಿ ಬಂತು. ಹೊರಡುವ ಮುನ್ನ ಅದನ್ನು ವಿಚಾರಿಸಿಕೊಳ್ಳಿ.

ತಲೆ ಎಣಿಸಿ ಹೊರಡಿ

ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿ ಉಳಿದುಹೋದದ್ದು ಮರಿಯ ಜೋಸೆಫರಿಗೆ ಗೊತ್ತಾದದ್ದು ಒಂದು ದಿನದ ದಾರಿ ನಡೆದ ಮೇಲೆ. ಜೊತೆಯವರೊಡನೆ ಇರಬಹುದೆಂದು ಇಬ್ಬರೂ ಎಣಿಸಿದ್ದರು. ಹಲವು ಕುಟುಂಬ ಸೇರಿ ಹೋಗುವಾಗ ಇಂದಿಗೂ ಇದೇ ತಪ್ಪು ನಡೆಯುತ್ತದೆ. ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸುವ ಕೆಲಸವನ್ನು ಒಬ್ಬರಿಗೇ ವಹಿಸಿ. ಚಿಕ್ಕ ಮಕ್ಕಳ ಜೇಬಿನಲ್ಲಿ ತಂದೆತಾಯಿಯ ಫೋನ್ ನಂಬರಿನ ಚೀಟಿ ಇರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಆಂಬುಲೆನ್ಸಿಗೆ 108, ಇತರ ತುರ್ತಿಗೆ 112.

ಆ ಎರಡನೆಯ ಪ್ರಯಾಣಕ್ಕೆ ಚಾಲಕನಾಗಿ ಬಂದವನು ಅದೇ ಹುಡುಗ. ಅವನೇ ಬೇಕೆಂದು ಹಟ ಹಿಡಿದವರು ಮಣಿಕಟ್ಟು ಮುರಿದುಕೊಂಡಿದ್ದ ಆಯಿ. ಹೊಸೂರಿನಲ್ಲಿ ತಂಗಿದ ರಾತ್ರಿ ಅನ್ನ ಬೆಂದಾಗ, ಆಯಿ ಮೊದಲ ತಾಟನ್ನು ನಮ್ಮ ಕೈಗೆ ಕೊಡಲಿಲ್ಲ. ಅವನ ಮುಂದಿಟ್ಟರು.

"ತಮ್ಮಾ, ಮೊದಲ ನೀ ಉಣ್ಣು, ಮೊದಲ ನೀ ಮಲಕೋ. ಮಾತೆ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದರು.

ಈ ರಜೆಯಲ್ಲಿ ಹೊರಡುವವರು ಭಾನುವಾರದ ಬಲಿಪೂಜೆಯ ನಂತರ ನೋಟುಪುಸ್ತಕ ಹಿಡಿದು ಗುರುಮನೆಗೆ ಬನ್ನಿ. ಪರಿಚಯ ಪತ್ರ ಬರೆದುಕೊಡುತ್ತೇವೆ. ಆದರೆ ಮೊದಲ ಪುಟದಲ್ಲಿ ರಾತ್ರಿ ತಂಗುವ ಊರುಗಳ ಹೆಸರು ಇದೆಯೇ ಎಂದು ನೋಡಿಯೇ ಸಹಿ ಹಾಕುತ್ತೇವೆ.